ದೂರದ ಬೆಲೆ

ಕಾಡುಪ್ರಾಣಿ, ಹಕ್ಕಿಗಳ ಫೋಟೋ ತೆಗೆಯಬೇಕೆಂದು ಹೊರಟವರು ಮೊದಲ ಆರು ತಿಂಗಳಲ್ಲಿ ಒಮ್ಮೆಯಾದರೂ ಕೇಳುವ ಪ್ರಶ್ನೆ ಇದು: ಕೈಗೆಟುಕುವ ಬೆಲೆಗೆ ಒಳ್ಳೆಯ ಟೆಲಿಫೋಟೋ ಲೆನ್ಸ್ ಯಾವುದು? ಉತ್ತರವಾಗಿ ಸಾಮಾನ್ಯವಾಗಿ ಸಿಗುವುದು ಮಾದರಿಗಳ ಪಟ್ಟಿ. ಪಟ್ಟಿ ಎರಡು ವರ್ಷಕ್ಕೆ ಹಳತಾಗುತ್ತದೆ, ಪ್ರಶ್ನೆ ಹಾಗೇ ಉಳಿಯುತ್ತದೆ. ಟೆಲಿಫೋಟೋ ಲೆನ್ಸಿಗೆ ಈಗ ನೂರ ಮೂವತ್ತು ದಾಟಿದ ವಯಸ್ಸು. ಅಷ್ಟೂ ಕಾಲ ಅದು ದುಬಾರಿಯಾಗಿಯೇ ಇದೆ. ಅಷ್ಟೂ ಕಾಲ ದೊಡ್ಡ ದುಡ್ಡಿಲ್ಲದವರೂ ಕಾಡಿಗೆ ಹೋಗಿ ಒಳ್ಳೆಯ ಚಿತ್ರಗಳನ್ನು ತಂದಿದ್ದಾರೆ. ಹೇಗೆ ತಂದರು ಎಂದು ಹುಡುಕಿದರೆ ಪಟ್ಟಿಗಿಂತ ಉಪಯುಕ್ತವಾದ ಉತ್ತರ ಸಿಗುತ್ತದೆ.

ಪದಕ್ಕಿಷ್ಟು ಎಂದು ಎಣಿಸಿ ಅನುವಾದ ಮಾಡಿ ಬದುಕುವ ನಾನು, ಬೆಸೆಂಟ್ ನಗರದ ಮನೆ ಬಾಡಿಗೆ ಕಟ್ಟಿ ಉಳಿದದ್ದರಲ್ಲಿ ಒಂದು ಲೆನ್ಸ್ ಕೊಳ್ಳಲು ಲೆಕ್ಕ ಹಾಕುತ್ತಾ ಈ ಚರಿತ್ರೆಯ ಹಿಂದೆ ಬಿದ್ದೆ. ಓದಿದಷ್ಟೂ ಒಂದು ಮಾತು ಗಟ್ಟಿಯಾಗುತ್ತಾ ಹೋಯಿತು. ಅಗ್ಗದ ಟೆಲಿಫೋಟೋ ಎಂಬುದು ಯಾವ ಕಾಲಕ್ಕೂ ಇರಲಿಲ್ಲ. ಹಣದಲ್ಲಿ ಕೊಡದ ಬೆಲೆಯನ್ನು ಬೇರೆ ಯಾವುದರಲ್ಲಾದರೂ ಕೊಡಲೇಬೇಕಾಗಿತ್ತು: ಬೆಳಕಿನಲ್ಲಿ, ಹೊರುವ ಭಾರದಲ್ಲಿ, ಕಾಯುವ ಹೊತ್ತಿನಲ್ಲಿ, ಕೆಲವೊಮ್ಮೆ ಪ್ರಾಣಿಯ ನೆಮ್ಮದಿಯಲ್ಲಿ. ಹಿಂದಿನವರು ಯಾರು ಯಾವ ಬೆಲೆ ತೆತ್ತರು ಎಂದು ನೋಡಿದರೆ, ನಾವು ಯಾವುದನ್ನು ತೆರಬಹುದು, ಯಾವುದನ್ನು ತೆರಬಾರದು ಎಂಬುದೂ ತಿಳಿಯುತ್ತದೆ.

ಬೇಳೆಯಿಂದ ಬಂದ ಪದ

ಶಾಲೆಯಲ್ಲಿ ನಾವೆಲ್ಲ ಪೀನ ಮಸೂರ, ನಿಮ್ನ ಮಸೂರ ಎಂದು ಬಾಯಿಪಾಠ ಮಾಡಿದವರೇ. ಆ ಮಸೂರ ಅಡುಗೆಮನೆಯದ್ದು. ಅಂಗಡಿಯಲ್ಲಿ ಚನ್ನಂಗಿ ಬೇಳೆ ಅಥವಾ ಮಸೂರ್ ದಾಲ್ ಎಂದು ಕೇಳಿ ತರುತ್ತೇವಲ್ಲ, ಅದೇ. ಲ್ಯಾಟಿನ್ನಿನಲ್ಲಿ 'ಲೆನ್ಸ್' ಎಂದರೂ ಅದೇ ಕಾಳು. ಎರಡೂ ಕಡೆ ಉಬ್ಬಿ ಅಂಚಿನಲ್ಲಿ ತೆಳುವಾದ ಗಾಜಿಗೆ ಯುರೋಪಿನವರು ಕಾಳಿನ ಹೆಸರಿಟ್ಟರು, ನಮ್ಮ ಪಾರಿಭಾಷಿಕ ಪದ ಕಟ್ಟಿದವರು ಆ ಹೋಲಿಕೆಯನ್ನು ಉಳಿಸಿಕೊಂಡು ಮಸೂರ ಎಂದರು. ಫೋಕಲ್ ಲೆಂತ್ ಎಂಬುದಕ್ಕೆ ನಮ್ಮ ಪಠ್ಯಪುಸ್ತಕಗಳು ಕೊಟ್ಟ ಪದ 'ಸಂಗಮ ದೂರ'. ಬೆಳಕಿನ ಕಿರಣಗಳು ಒಂದು ಬಿಂದುವಿನಲ್ಲಿ ಕೂಡುವ ದೂರ. ಈ ಲೇಖನಕ್ಕೆ ಇದು ಇಂಗ್ಲಿಷ್ ಪದಕ್ಕಿಂತ ಚೆನ್ನಾಗಿ ಒದಗುತ್ತದೆ.

ಸಂಗಮ ದೂರ ಹೆಚ್ಚಿದಷ್ಟೂ ಬಿಂಬ ದೊಡ್ಡದಾಗುತ್ತದೆ. ಆದರೆ 600 ಮಿ.ಮೀ. ಸಂಗಮ ದೂರದ ಸಾದಾ ಪೀನ ಮಸೂರವನ್ನು ಕ್ಯಾಮೆರಾಕ್ಕೆ ಹಾಕಿದರೆ ಗಾಜಿನಿಂದ ಫಿಲ್ಮಿನವರೆಗೆ 60 ಸೆಂಟಿಮೀಟರಿನ ಕೊಳವೆ ಬೇಕು. ಇದನ್ನು ಗಿಡ್ಡ ಮಾಡುವ ಉಪಾಯವನ್ನು 1891ರಲ್ಲಿ ಲಂಡನ್ನಿನ ಥಾಮಸ್ ರುಡಾಲ್ಫಸ್ ಡಾಲ್ಮೆಯರ್, ಜರ್ಮನಿಯ ಅಡಾಲ್ಫ್ ಮೀಥೆ ಮತ್ತು ಅಡಾಲ್ಫ್ ಸ್ಟೈನ್‌ಹೈಲ್ ಬೇರೆ ಬೇರೆಯಾಗಿ ಕಂಡುಕೊಂಡರು. ಮುಂದೆ ಪೀನ ಮಸೂರಗಳ ಗುಂಪು, ಹಿಂದೆ ನಿಮ್ನ ಮಸೂರಗಳ ಗುಂಪು. ಮುಂದಿನದು ಒಗ್ಗೂಡಿಸಿದ ಕಿರಣಗಳನ್ನು ಹಿಂದಿನದು ಸ್ವಲ್ಪ ಹರಡಿ ತಡಮಾಡಿಸುತ್ತದೆ. ಉದ್ದದ ಕೊಳವೆಯಿಲ್ಲದೆ ಉದ್ದದ ಸಂಗಮ ದೂರ ದಕ್ಕುತ್ತದೆ. ಟೆಲಿಫೋಟೋ ಎಂಬ ಹೆಸರು ನಿಜವಾಗಿ ಸಲ್ಲುವುದು ಈ ರಚನೆಗೆ. ಇವತ್ತು ನಾವು ಉದ್ದದ ಲೆನ್ಸುಗಳನ್ನೆಲ್ಲ ಹಾಗೆ ಕರೆಯುತ್ತೇವೆ.

ಉದ್ದವನ್ನು ಹೀಗೆ ಕಡಿಮೆ ಮಾಡಬಹುದು, ಅಗಲವನ್ನು ಮಾಡಲಾಗದು. ಲೆನ್ಸಿನ ಮೇಲೆ ಬರೆದ ಎಫ್ ಸಂಖ್ಯೆ ಎಂದರೆ ಸಂಗಮ ದೂರವನ್ನು ಬೆಳಕಿನ ಬಾಗಿಲ ಅಗಲದಿಂದ ಭಾಗಿಸಿದ್ದು. 600 ಮಿ.ಮೀ. ಲೆನ್ಸ್ ಎಫ್ 4 ಆಗಬೇಕಾದರೆ ಮುಂದಿನ ಗಾಜು 150 ಮಿ.ಮೀ. ಅಗಲ ಇರಲೇಬೇಕು. ಎಫ್ 6.3 ಸಾಕೆಂದರೆ 95 ಮಿ.ಮೀ. ಎಫ್ 11ಕ್ಕೆ ಒಪ್ಪಿದರೆ 55 ಮಿ.ಮೀ. ನಡೆಯುತ್ತದೆ. ಒಂದು ಗೇಣಿನ ಹತ್ತಿರ ಅಗಲವಿರುವ ದೋಷವಿಲ್ಲದ ಗಾಜನ್ನು ಎರಕ ಹೊಯ್ದು, ತಿಂಗಳುಗಟ್ಟಲೆ ತಣಿಸಿ, ಉಜ್ಜಿ ಹೊಳಪಿಡುವ ಖರ್ಚೇ ದೊಡ್ಡ ಲೆನ್ಸಿನ ಬೆಲೆಯ ಮುಖ್ಯ ಭಾಗ. 600 ಎಫ್ 4 ಲೆನ್ಸ್ ಇವತ್ತು ಭಾರತದಲ್ಲಿ ಹತ್ತು ಲಕ್ಷ ದಾಟುತ್ತದೆ. ಅಗ್ಗದ ಲೆನ್ಸುಗಳ ಚರಿತ್ರೆಯೆಂದರೆ ಬಹುಮಟ್ಟಿಗೆ ಈ ಗಾಜಿನ ಅಗಲವನ್ನು ತಪ್ಪಿಸಿಕೊಳ್ಳುವ ಉಪಾಯಗಳ ಚರಿತ್ರೆ.

ಲೆನ್ಸೇ ಬೇಡವೆಂದವರು

ಭಾರತದಲ್ಲಿ ಮೊದಲ ದೊಡ್ಡ ಉಪಾಯ ಲೆನ್ಸಿನ ಗೋಜಿಗೇ ಹೋಗಲಿಲ್ಲ. 1920ರ ದಶಕದಲ್ಲಿ ಅಂದಿನ ಸಂಯುಕ್ತ ಪ್ರಾಂತದ ಅರಣ್ಯಾಧಿಕಾರಿ ಎಫ್.ಡಬ್ಲ್ಯು. ಚಾಂಪಿಯನ್ ಶಿವಾಲಿಕ ಬೆಟ್ಟಗಳ ಕಾಡುದಾರಿಯಲ್ಲಿ ಒಂದು ತಂತಿ ಕಟ್ಟಿ, ಅದನ್ನು ಕ್ಯಾಮೆರಾಕ್ಕೂ ಫ್ಲಾಶಿಗೂ ಜೋಡಿಸಿದರು. ರಾತ್ರಿ ಆ ದಾರಿಯಲ್ಲಿ ಬಂದ ಹುಲಿಯ ಕಾಲು ತಂತಿಗೆ ತಗುಲಿದರೆ ಹುಲಿ ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುತ್ತಿತ್ತು. 1925ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಆ ಚಿತ್ರಗಳನ್ನು ದೊಡ್ಡದಾಗಿ ಪ್ರಕಟಿಸಿತು. 1927ರಲ್ಲಿ 'ವಿತ್ ಎ ಕ್ಯಾಮೆರಾ ಇನ್ ಟೈಗರ್-ಲ್ಯಾಂಡ್' ಪುಸ್ತಕ ಬಂತು. ಬಂದೂಕು ಬಿಟ್ಟು ಕ್ಯಾಮೆರಾ ಹಿಡಿಯಲು ಜಿಮ್ ಕಾರ್ಬೆಟ್ಟರಿಗೆ ಪ್ರೇರಣೆಯಾದವರಲ್ಲಿ ಚಾಂಪಿಯನ್ ಒಬ್ಬರು.

ಚಾಂಪಿಯನ್ ತೆತ್ತದ್ದು ಕಾಯುವ ಹೊತ್ತನ್ನು, ಅದಕ್ಕಿಂತ ಹೆಚ್ಚಾಗಿ ತಿಳಿವಳಿಕೆಯನ್ನು. ಹುಲಿ ಯಾವ ದಾರಿಯಲ್ಲಿ ನಡೆಯುತ್ತದೆ ಎಂದು ಗೊತ್ತಿಲ್ಲದವರಿಗೆ ಆ ತಂತಿಯಿಂದ ಏನೂ ಉಪಯೋಗವಿರಲಿಲ್ಲ. ಒಂದೊಂದು ಹುಲಿಯ ಪಟ್ಟೆಯೂ ಬೇರೆ ಎಂಬುದು ಅವರಿಗೆ ಆ ಚಿತ್ರಗಳಿಂದಲೇ ಹೊಳೆದಿತ್ತು. ಏಳು ದಶಕಗಳ ನಂತರ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಅದೇ ತತ್ವದ ಕ್ಯಾಮೆರಾ ಟ್ರ್ಯಾಪ್‌ಗಳನ್ನಿಟ್ಟು, ಪಟ್ಟೆಗಳಿಂದ ಹುಲಿಗಳನ್ನು ಗುರುತಿಸಿ, ಅವುಗಳ ಸಂಖ್ಯೆಯನ್ನು ಅಂದಾಜಿಸುವ ವಿಧಾನವನ್ನು 1995ರಲ್ಲಿ ಪ್ರಕಟಿಸಿದರು. ವಿಜ್ಞಾನಕ್ಕೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಹುಲಿಯ ಫೋಟೋಗಳನ್ನು ತೆಗೆದದ್ದು ಟೆಲಿಫೋಟೋ ಲೆನ್ಸಲ್ಲ.

ಸಂಡೂರಿನಿಂದ ಮೈಲಾಪುರಕ್ಕೆ

ನಾನಿರುವ ಊರಿನವರೇ ಆದ ಎಂ. ಕೃಷ್ಣನ್ ತೆತ್ತ ಬೆಲೆ ಬೇರೆ ಬಗೆಯದು. ಅವರು ಹುಟ್ಟಿದ್ದು 1912ರಲ್ಲಿ, ತಿರುನೆಲ್ವೇಲಿಯಲ್ಲಿ. ತಂದೆ ಎ. ಮಾಧವಯ್ಯ ತಮಿಳಿನ ಮೊದಲ ಕಾದಂಬರಿಕಾರರಲ್ಲೊಬ್ಬರು. ಬೆಳೆದದ್ದು ಮದರಾಸಿನ ಮೈಲಾಪುರದಲ್ಲಿ. ಇವತ್ತು ಬಸ್ಸು, ಆಟೋ, ತೇರಿನ ಬೀದಿಗಳಿಂದ ಗಿಜಿಗುಡುವ ಆ ಕಡೆ ಆಗ ಕುರುಚಲು ಕಾಡಿತ್ತು, ನರಿಗಳೂ ಕೃಷ್ಣಮೃಗಗಳೂ ಕಾಣುತ್ತಿದ್ದವು. ಸಸ್ಯಶಾಸ್ತ್ರ ಓದಿ, ಕಾನೂನೂ ಓದಿ, ನಿಂತ ಕೆಲಸವಿಲ್ಲದೆ ಬರೆಯುತ್ತಾ ಚಿತ್ರ ಬಿಡಿಸುತ್ತಾ ಇದ್ದ ಕೃಷ್ಣನ್ನರಿಗೆ 1942ರಲ್ಲಿ ಕೆಲಸ ಕೊಟ್ಟದ್ದು ಕನ್ನಡ ನಾಡಿನ ಒಂದು ಪುಟ್ಟ ಸಂಸ್ಥಾನ, ಬಳ್ಳಾರಿಯ ಮಗ್ಗುಲಿನ ಸಂಡೂರು.

ಘೋರ್ಪಡೆ ಮನೆತನದ ಆ ಸಂಸ್ಥಾನದಲ್ಲಿ ಅವರು ಮೇಷ್ಟರಾದರು, ನ್ಯಾಯಾಧೀಶರಾದರು, ಪ್ರಚಾರಾಧಿಕಾರಿಯಾದರು, ರಾಜರ ರಾಜಕೀಯ ಕಾರ್ಯದರ್ಶಿಯೂ ಆದರು. ಕುರಿ ಮೇಯಿಸಿ ನೋಡಿದರು, ಪಾರಿವಾಳ ಸಾಕಿದರು. ಉಳಿದ ಹೊತ್ತೆಲ್ಲ ಸಂಡೂರಿನ ಬೆಟ್ಟಗಳಲ್ಲಿ ಅಲೆದರು. 1949ರಲ್ಲಿ ಸಂಸ್ಥಾನ ಮದರಾಸು ಪ್ರಾಂತದಲ್ಲಿ ಸೇರಿಹೋಯಿತು. ಕೃಷ್ಣನ್ ಮದರಾಸಿಗೆ ಮರಳಿ ಮತ್ತೆ ಯಾರ ನೌಕರಿಗೂ ಹೋಗದೆ ಬರೆವಣಿಗೆಯಿಂದಲೇ ಬದುಕಿದರು. 'ದಿ ಸ್ಟೇಟ್ಸ್‌ಮನ್' ಪತ್ರಿಕೆಗೆ 1950ರಲ್ಲಿ ಆರಂಭಿಸಿದ ಅಂಕಣವನ್ನು 1996ರಲ್ಲಿ ತೀರಿಕೊಳ್ಳುವವರೆಗೂ ಬರೆದರು. ಪತ್ರಿಕೆಗಳ ಸಂಭಾವನೆಯಲ್ಲಿ ದೊಡ್ಡ ಲೆನ್ಸ್ ಬರುವುದಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ನನ್ನಂಥವರಿಗಂತೂ ಬೇಕಾಗಿಲ್ಲ.

ಕೃಷ್ಣನ್ ತಮ್ಮ ಕ್ಯಾಮೆರಾವನ್ನು ತಾವೇ ಜೋಡಿಸಿಕೊಂಡರು. ಬಾಡಿ ಒಂದು ಕಂಪನಿಯದು, ಟೆಲಿ ಲೆನ್ಸ್ ಇನ್ನೊಂದರದು, ಉಳಿದ ಬಿಡಿಭಾಗಗಳು ಎಲ್ಲೆಲ್ಲಿಂದಲೋ ಬಂದವು. ಅಸ್ಸಾಮಿನ ಚಹಾ ತೋಟಗಾರ, ಹೆಸರಾಂತ ವನ್ಯಜೀವಿ ಛಾಯಾಗ್ರಾಹಕ ಇ.ಪಿ. ಜೀ ಇದನ್ನು ಕಂಡು ಬೆರಗಾಗಿದ್ದರು. ಎಲ್ಲೋ ಒಂದು ಕಡೆ ತಂತಿ ಕಟ್ಟಿ ನಿಲ್ಲಿಸಿರಬೇಕು ಎಂಬ ಗುಮಾನಿಯೂ ಅವರಿಗಿತ್ತು. ಕೃಷ್ಣನ್ ಅದಕ್ಕಿಟ್ಟ ಹೆಸರು 'ಸೂಪರ್ ಪಾಂಡೆರೋಸಾ'. ಮಹಾಭಾರದ್ದು ಎಂದು ಅರ್ಥ ಮಾಡಿಕೊಳ್ಳಬಹುದು. ತಮ್ಮ ಉಪಕರಣದ ಬಗ್ಗೆ ತಾವೇ ನಗಬಲ್ಲ ಮನುಷ್ಯ. ಅದನ್ನು ಹೊತ್ತು ಮುದುಮಲೈ, ಬಂಡೀಪುರ, ಪೆರಿಯಾರ್‌ಗಳಲ್ಲಿ ಕಾಲ್ನಡಿಗೆಯಲ್ಲಿ, ಸಾಕಾನೆಯ ಬೆನ್ನ ಮೇಲೆ ತಿರುಗಿ ಕಾಡಾನೆಗಳ, ಕಾಟಿಗಳ ಚಿತ್ರ ತೆಗೆದರು. ಎಲ್ಲವೂ ಕಪ್ಪುಬಿಳುಪು. 1968ರಲ್ಲಿ ನೆಹರೂ ಫೆಲೋಶಿಪ್ ಸಿಕ್ಕಾಗ ಭಾರತದ ಪರ್ಯಾಯದ್ವೀಪ ಭಾಗದ ದೊಡ್ಡ ಸಸ್ತನಿಗಳ ಸಮೀಕ್ಷೆ ಮಾಡಿದರು. ಅದು 1975ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯಿಂದ ಪುಸ್ತಕವಾಗಿ ಬಂತು.

ಸಾಕಾನೆಯ ಬೆನ್ನನ್ನು ಲೆನ್ಸಿನ ಲೆಕ್ಕದಲ್ಲಿ ನೋಡಬೇಕು. ಕಾಡುಪ್ರಾಣಿಗಳು ಆನೆಯನ್ನು ಕಂಡರೆ ಮನುಷ್ಯನನ್ನು ಕಂಡಷ್ಟು ಬೆದರುವುದಿಲ್ಲ. ಆನೆಯ ಮೇಲೆ ಕೂತವನು ಕಾಲ್ನಡಿಗೆಯವನಿಗಿಂತ ತುಂಬಾ ಹತ್ತಿರ ಹೋಗಬಹುದು. ಬಿಂಬದ ಗಾತ್ರ ನಿರ್ಧಾರವಾಗುವುದು ಸಂಗಮ ದೂರದಿಂದ ಮಾತ್ರವಲ್ಲ, ನಮಗೂ ಪ್ರಾಣಿಗೂ ಇರುವ ದೂರದಿಂದಲೂ. ಎರಡೂವರೆ ಮೀಟರ್ ಎತ್ತರದ ಆನೆ 25 ಮೀಟರ್ ದೂರದಲ್ಲಿದ್ದರೆ 200 ಮಿ.ಮೀ. ಲೆನ್ಸಿನಲ್ಲಿ ಅದರ ಬಿಂಬ 20 ಮಿ.ಮೀ. ಸಾಮಾನ್ಯ 35 ಮಿ.ಮೀ. ಫಿಲ್ಮಿನ ಚೌಕಟ್ಟಿನ ಎತ್ತರವೇ 24 ಮಿ.ಮೀ. ಆನೆಗೆ ಉದ್ದದ ಲೆನ್ಸೇ ಬೇಕಾಗಿಲ್ಲ, ಆನೆಯನ್ನು ತಿಳಿದಿರಬೇಕು.

ಕೃಷ್ಣನ್ ಸಂಡೂರಿಗೆ ಬಂದಾಗ ಅಲ್ಲಿನ ರಾಜಕುಮಾರ ಎಂ.ವೈ. ಘೋರ್ಪಡೆ ಹತ್ತು ಹನ್ನೊಂದರ ಬಾಲಕ. ಮುಂದೆ 1972ರಿಂದ 1977ರವರೆಗೆ ಕರ್ನಾಟಕದ ಹಣಕಾಸು ಸಚಿವರಾಗಿದ್ದ ಇವರು ದೇಶದ ಒಳ್ಳೆಯ ವನ್ಯಜೀವಿ ಛಾಯಾಗ್ರಾಹಕರಲ್ಲೊಬ್ಬರು. ಅವರ 'ಸನ್‌ಲೈಟ್ ಅಂಡ್ ಶ್ಯಾಡೋಸ್' 1983ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಚಾಂಪಿಯನ್ನರ ಎರಡನೆಯ ಪುಸ್ತಕದ ಹೆಸರು ಬಲ್ಲವರಿಗೆ ಈ ಹೆಸರು ಅದನ್ನು ನೆನಪಿಸುತ್ತದೆ. ಒಂದೇ ಊರಿನ ಬೆಟ್ಟಗಳಲ್ಲಿ ಓಡಾಡಿದ ಇಬ್ಬರಲ್ಲಿ ಒಬ್ಬರಿಗೆ ಬೇಕಾದ ಉಪಕರಣ ಕೊಳ್ಳುವ ಅನುಕೂಲವಿತ್ತು, ಇನ್ನೊಬ್ಬರಿಗಿರಲಿಲ್ಲ. ಇಬ್ಬರ ಕಪ್ಪುಬಿಳುಪು ಆನೆಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಆ ವ್ಯತ್ಯಾಸ ಕಾಣುವುದಿಲ್ಲ.

ಬೆಂಗಳೂರಿನ ಮರೆಗೂಡುಗಳು

ಹಕ್ಕಿಗಳ ಲೆಕ್ಕ ಬೇರೆ. ಒಂದು ಮಿಂಚುಳ್ಳಿಯ ಉದ್ದ ಸುಮಾರು 17 ಸೆಂ.ಮೀ. ಅದು 15 ಮೀಟರ್ ದೂರದಲ್ಲಿ ಕೂತರೆ 400 ಮಿ.ಮೀ. ಲೆನ್ಸಿನಲ್ಲಿ ಬಿಂಬ ನಾಲ್ಕೂವರೆ ಮಿ.ಮೀ. ಮಾತ್ರ. 36 ಮಿ.ಮೀ. ಅಗಲದ ಚೌಕಟ್ಟಿನಲ್ಲಿ ಎಂಟನೇ ಒಂದು ಪಾಲು. ಹಾಗಾಗಿ 1960ರ, 70ರ ದಶಕಗಳಲ್ಲಿ ಬೆಂಗಳೂರಿನ ಛಾಯಾಗ್ರಾಹಕರು ಮರೆಗೂಡಿನ ವಿದ್ಯೆಯನ್ನು ಬೆಳೆಸಿದರು. ಒ.ಸಿ. ಎಡ್ವರ್ಡ್ಸ್, ಅವರ ಬಳಿ ಕಲಿತ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಆ ಕಾಲದ ದೊಡ್ಡ ಹೆಸರುಗಳು. ಹಕ್ಕಿಯ ಗೂಡಿಗೋ ನೀರಿನ ತಾಣಕ್ಕೋ ಹತ್ತಿರದಲ್ಲಿ ಬಟ್ಟೆಯ ಗುಡಾರ ಹಾಕಿ, ಅದನ್ನು ದಿನಕ್ಕಿಷ್ಟು ಎಂದು ಮುಂದಕ್ಕೆ ಸರಿಸಿ, ಹಕ್ಕಿಗೆ ರೂಢಿಯಾದಮೇಲೆ ಒಳಗೆ ಕೂತು ಗಂಟೆಗಟ್ಟಲೆ ಕಾಯುವುದು. ಬೆಳಕು ಸಾಲದ ಕಡೆ ಫ್ಲಾಶ್. ಹತ್ತಿರವಿದ್ದುದರಿಂದ ಮಧ್ಯಮ ಅಳತೆಯ ಲೆನ್ಸ್ ಸಾಕಾಗುತ್ತಿತ್ತು.

ಇದರಲ್ಲಿ ಒಂದು ಪಾಲು ಬೆಲೆಯನ್ನು ಹಕ್ಕಿಯೇ ತೆರುವ ಅಪಾಯವಿದೆ. ತಾಳ್ಮೆ, ತಿಳಿವಳಿಕೆ ಇದ್ದವರ ಕೈಯಲ್ಲಿ ಗೂಡು ಉಳಿಯುತ್ತಿತ್ತು. ಅದೇ ವಿದ್ಯೆಯನ್ನು ಅವಸರದವರು ಹಿಡಿದಾಗ ಗೂಡಿನ ಮುಂದಿನ ಕೊಂಬೆ ಕಡಿಯುವುದು, ತಾಯಿಹಕ್ಕಿ ಮೊಟ್ಟೆ ಬಿಟ್ಟು ಹಾರುವುದು, ತೆರೆದ ಗೂಡನ್ನು ಕಾಗೆ ಕಂಡುಕೊಳ್ಳುವುದು ಎಲ್ಲ ಆಗುತ್ತದೆ. ಗೂಡಿನ ಹತ್ತಿರ ಹೋಗಿ ಫೋಟೋ ತೆಗೆಯಬಾರದು ಎಂಬುದು ಇಂದು ಹಕ್ಕಿ ವೀಕ್ಷಕರಲ್ಲಿ ಬಹುಮಟ್ಟಿಗೆ ಒಪ್ಪಿತವಾದ ಮಾತು. ಉದ್ದದ ಲೆನ್ಸಿನ ಪರವಾಗಿ ನನಗೆ ತೋರುವ ಅತಿ ದೊಡ್ಡ ವಾದವೂ ಇದೇ. ನಾವು ದೂರ ಉಳಿದರೆ ಪ್ರಾಣಿ ತನ್ನ ಕೆಲಸ ಮುಂದುವರಿಸುತ್ತದೆ. ದೂರ ನಿಲ್ಲಲು ಹಣ ಬೇಕು ಎಂಬುದು ಬೇಸರದ ಸಂಗತಿಯಾದರೂ ನಿಜ. ಆದ್ದರಿಂದಲೇ ಕೈಗೆಟುಕುವ ಟೆಲಿಫೋಟೋ ಕೇವಲ ಹವ್ಯಾಸಿಗಳ ಶೋಕಿಯ ಪ್ರಶ್ನೆಯಲ್ಲ.

ಕತ್ತಲೆಯ ಲೆನ್ಸುಗಳು

ಲೈಸೆನ್ಸ್ ರಾಜ್ಯದ ದಿನಗಳಲ್ಲಿ ವಿದೇಶಿ ಕ್ಯಾಮೆರಾ, ಲೆನ್ಸುಗಳ ಆಮದಿಗೆ ಕಟ್ಟುನಿಟ್ಟಿನ ಮಿತಿ, ಭಾರಿ ಸುಂಕ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ 1967ರಿಂದ ತಯಾರಿಸಿದ ಕಪ್ಪುಬಿಳುಪು ಫಿಲ್ಮ್ ಇತ್ತು, ಆದರೆ ದೇಶದಲ್ಲಿ ಯಾರೂ ಉದ್ದದ ಲೆನ್ಸ್ ಮಾಡುತ್ತಿರಲಿಲ್ಲ. ವಿದೇಶದಿಂದ ಬರುವ ನೆಂಟರನ್ನು ಕೇಳಬೇಕು, ಇಲ್ಲವೇ ಮದರಾಸಿನಂಥ ಬಂದರಿನ ಊರುಗಳಲ್ಲಿ ಹುಡುಕಬೇಕು. ಬರ್ಮಾದಿಂದ ಮರಳಿದ ತಮಿಳರ ಜೀವನೋಪಾಯಕ್ಕೆಂದು 1969ರಲ್ಲಿ ಇಲ್ಲಿನ ಬಂದರಿನ ಬಳಿ ಶುರುವಾದ ಬರ್ಮಾ ಬಜಾರ್, ವಿದೇಶಿ ಸಾಮಾನಿಗೆ ದಕ್ಷಿಣ ಭಾರತದಲ್ಲೆಲ್ಲ ಹೆಸರಾಯಿತು. ಸೋವಿಯತ್ ಝೆನಿತ್, ಪೂರ್ವ ಜರ್ಮನಿಯ ಪ್ರಾಕ್ಟಿಕಾ ಕ್ಯಾಮೆರಾಗಳು ಉಳಿದವಕ್ಕಿಂತ ಕೈಗೆಟುಕುವಂತಿದ್ದವು.

ಆ ಕಾಲದಲ್ಲಿ ಜಗತ್ತಿನಾದ್ಯಂತ ಹವ್ಯಾಸಿಗಳಿಗೆ ಸಿಗುತ್ತಿದ್ದ ಉದ್ದದ ಲೆನ್ಸುಗಳು ಮುಖ್ಯವಾಗಿ ನಾಲ್ಕು ಬಗೆ. ಜರ್ಮನಿಯ ನೊವೊಫ್ಲೆಕ್ಸ್ ಕಂಪನಿಯ 400 ಎಫ್ 5.6 ಲೆನ್ಸಿಗೆ ಪಿಸ್ತೂಲಿನ ಹಿಡಿ ಇತ್ತು, ಅದನ್ನು ಹಿಚುಕಿದರೆ ಫೋಕಸ್ ಬದಲಾಗುತ್ತಿತ್ತು. ಹಾರುವ ಹಕ್ಕಿಯನ್ನು ಹಿಂಬಾಲಿಸಲು ಆಟೋಫೋಕಸ್ ಬರುವ ಮುಂಚೆ ಇದಕ್ಕಿಂತ ಚುರುಕಾದ ಉಪಾಯವಿರಲಿಲ್ಲ. ಸೋವಿಯತ್ತಿನ ಕ್ರಾಸ್ನೊಗೋರ್ಸ್ಕ್ ಕಾರ್ಖಾನೆ 1965ರಲ್ಲಿ ಹೊರತಂದ 'ಫೋಟೋಸ್ನೈಪರ್' ಒಂದು ಝೆನಿತ್ ಕ್ಯಾಮೆರಾ, 300 ಎಫ್ 4.5 ತೈರ್ ಲೆನ್ಸ್ ಮತ್ತು ಭುಜಕ್ಕೆ ಒತ್ತುವ ಬಂದೂಕಿನ ಹಿಂಬದಿ ಸೇರಿದ ಪೆಟ್ಟಿಗೆ. ಶೂಟ್, ಶಾಟ್ ಎಂದು ಫೋಟೋಗ್ರಫಿ ಬೇಟೆಯಿಂದ ಕಡ ತಂದ ಮಾತುಗಳು ಇಲ್ಲಿ ಲೋಹದ ರೂಪವನ್ನೇ ತಾಳಿದ್ದವು.

ಮೂರನೆಯದು ಜಪಾನಿನ 400 ಎಫ್ 6.3. ಟ್ಯಾಮ್ರಾನ್ 1957ರಲ್ಲಿ ಹೊರತಂದ ಟಿ-ಮೌಂಟ್ ಎಂಬ ಬಳೆಯಿಂದ ಒಂದೇ ಲೆನ್ಸನ್ನು ಬೇರೆ ಬೇರೆ ಕ್ಯಾಮೆರಾಗಳಿಗೆ ಹಾಕಬಹುದಾಯಿತು. ಕಾರ್ಖಾನೆಯಿಂದ ಬಂದ ಒಂದೇ ಲೆನ್ಸಿಗೆ ಮಾರುವವರು ತಮಗೆ ಬೇಕಾದ ಹೆಸರು ಬರೆದು ಮಾರಿದರು. ನಾಲ್ಕನೆಯದು ಕನ್ನಡಿ ಲೆನ್ಸ್. ಡಿಮಿಟ್ರಿ ಮಕ್ಸುತೋವ್ 1941ರಲ್ಲಿ ದೂರದರ್ಶಕಕ್ಕೆಂದು ರೂಪಿಸಿದ ವಿನ್ಯಾಸದ ಮೇಲೆ ನಿಂತ ಎಂಟಿಒ-500 ಇದರ ಹೆಸರಾಂತ ಉದಾಹರಣೆ. ಬೆಳಕನ್ನು ಕನ್ನಡಿಗಳ ನಡುವೆ ಎರಡು ಸಲ ಮಡಚಿದ್ದರಿಂದ 500 ಮಿ.ಮೀ. ಲೆನ್ಸ್ ಗಿಡ್ಡ ಡಬ್ಬಿಯಷ್ಟಾಯಿತು. ಆದರೆ ಎಫ್ 8ಕ್ಕೆ ಕಟ್ಟಿಹಾಕಿದ್ದು, ಬದಲಾಯಿಸುವಂತಿಲ್ಲ. ನಡುವೆ ಕನ್ನಡಿ ಅಡ್ಡ ಬರುವುದರಿಂದ ಹಿನ್ನೆಲೆಯ ಹೊಳಪೆಲ್ಲ ಉದ್ದಿನ ವಡೆಯಂತೆ ನಡುವೆ ತೂತಿನ ಉಂಗುರಗಳಾಗುತ್ತವೆ.

ಇವೆಲ್ಲ ಬೆಳಕು ಸಾಲದ ಲೆನ್ಸುಗಳು. ಎಷ್ಟು ಸಾಲದು ಎಂಬುದಕ್ಕೆ ಲೆಕ್ಕ ಹೀಗೆ. 64 ಐಎಸ್ಒ ವೇಗದ ಬಣ್ಣದ ಫಿಲ್ಮ್, ಎಫ್ 8 ಲೆನ್ಸ್. ಸುಡುಬಿಸಿಲಿನಲ್ಲಿ ಸಿಗುವ ಶಟರ್ ವೇಗ ಸೆಕೆಂಡಿನ 250ನೇ ಒಂದು ಭಾಗ. 500 ಮಿ.ಮೀ. ಲೆನ್ಸನ್ನು ಕೈಯಲ್ಲಿ ಹಿಡಿದರೆ ಅಲುಗದಿರಲು 500ನೇ ಒಂದು ಬೇಕೆಂಬುದು ಹಳೆಯ ನಿಯಮ. ಬಿಸಿಲಲ್ಲೇ ಸಾಲಲಿಲ್ಲ. ಮರದ ನೆರಳಿಗೆ ಬಂದು ಬೆಳಕು ಹದಿನಾರನೇ ಒಂದು ಪಾಲಾದರೆ ಶಟರ್ ವೇಗ 16ನೇ ಒಂದು ಭಾಗಕ್ಕೆ ಇಳಿಯುತ್ತದೆ. ಕಾಡಿನಲ್ಲಿ ಅದು ಚಿತ್ರವಾಗುವುದಿಲ್ಲ. ಕೃಷ್ಣನ್ ಹತ್ತಿರ ಹೋದದ್ದು, ಪೆರುಮಾಳ್ ಫ್ಲಾಶ್ ಹಿಡಿದದ್ದು ಏಕೆ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಸೆನ್ಸರ್ ತಂದ ಬದಲಾವಣೆ

ಮಿನೋಲ್ಟಾ 7000 ಕ್ಯಾಮೆರಾದೊಂದಿಗೆ 1985ರಲ್ಲಿ ಆಟೋಫೋಕಸ್ ಜನಪ್ರಿಯವಾಯಿತು. 1991ರ ನಂತರ ಭಾರತದಲ್ಲಿ ಆಮದು ಸಡಿಲವಾಯಿತು. ಕ್ಯಾನನ್ 1993ರಲ್ಲಿ ತಂದ 400 ಎಫ್ 5.6 ಇಲ್ಲಿನ ಹಕ್ಕಿ ಛಾಯಾಗ್ರಾಹಕರಿಗೆ ಬಹುಕಾಲದ ಸಂಗಾತಿಯಾಯಿತು. ಒಂದೂಕಾಲು ಕಿಲೋ ತೂಕ, ಹೊರಟ ಹಕ್ಕಿಯನ್ನು ಹಿಡಿಯುವ ಚುರುಕು. ಅಲುಗಾಟ ತಡೆಯುವ ವ್ಯವಸ್ಥೆ ಇಲ್ಲ. ನಿಕಾನ್ ಬಳಗದಲ್ಲಿ 300 ಎಫ್ 4 ಅದೇ ಜಾಗ ತುಂಬಿತು.

ನಿಜವಾದ ತಿರುವು ಗಾಜಿನಲ್ಲಿ ಬರಲಿಲ್ಲ, ಗಾಜಿನ ಹಿಂದೆ ಬಂತು. 2003ರಲ್ಲಿ ಕ್ಯಾನನ್ 300ಡಿ ಸಾವಿರ ಡಾಲರಿಗಿಂತ ಕಡಿಮೆ ಬೆಲೆಗೆ ಡಿಜಿಟಲ್ ಎಸ್ಎಲ್ಆರ್ ಕೊಟ್ಟಿತು. ಮುಂದಿನ ಹತ್ತು ವರ್ಷಗಳಲ್ಲಿ ಸೆನ್ಸರುಗಳ ಬೆಳಕು ಹಿಡಿಯುವ ಶಕ್ತಿ ಹೆಚ್ಚುತ್ತಾ ಹೋಯಿತು. ಕತ್ತಲೆಯ ಲೆನ್ಸಿಗೆ ಅದರಿಂದ ಮರುಜನ್ಮ. 2013ರ ಕೊನೆಗೆ ಟ್ಯಾಮ್ರಾನ್ 150-600 ಎಫ್ 5-6.3 ಜೂಮ್ ಘೋಷಿಸಿತು. ಅಮೆರಿಕದ ಬೆಲೆ 1,069 ಡಾಲರ್, ತೂಕ ಎರಡು ಕಿಲೋಕ್ಕೆ ತುಸು ಕಡಿಮೆ. 600 ಮಿ.ಮೀ. ಎಂಬ ಸಂಖ್ಯೆ ಲಕ್ಷ ರೂಪಾಯಿಯ ಆಸುಪಾಸಿಗೆ ಬಂದದ್ದು ಆಗ. 2015ರಲ್ಲಿ ಸಿಗ್ಮಾದ 150-600, ನಿಕಾನಿನ 200-500 ಎಫ್ 5.6 ಬಂದವು. ಇಂದು ಕಬಿನಿಯ ಜೀಪುಗಳಲ್ಲಿ, ರಂಗನತಿಟ್ಟಿನ ದೋಣಿಗಳಲ್ಲಿ ಕಾಣುವ ಉದ್ದದ ಲೆನ್ಸುಗಳಲ್ಲಿ ಈ ಮೂರರ ಪಾಲು ದೊಡ್ಡದು.

ಎಫ್ 6.3ಕ್ಕೇ ಏಕೆ ನಿಂತರು? ಎಸ್ಎಲ್ಆರ್ ಕ್ಯಾಮೆರಾಗಳ ಆಟೋಫೋಕಸ್ ಎಫ್ 5.6ರ ಆಚೆಗೆ ತಡವರಿಸುತ್ತಿತ್ತು. ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಸೆನ್ಸರೇ ಫೋಕಸ್ ಮಾಡುವುದರಿಂದ ಆ ಮಿತಿ ಸಡಿಲವಾಯಿತು. 2020ರಲ್ಲಿ ಕ್ಯಾನನ್ ತನ್ನ ಮಿರರ್‌ಲೆಸ್ ಸರಣಿಗೆ 600 ಎಫ್ 11 ಮತ್ತು 800 ಎಫ್ 11 ಲೆನ್ಸುಗಳನ್ನು 699 ಮತ್ತು 899 ಡಾಲರಿಗೆ ತಂದಿತು. 600ರ ತೂಕ 930 ಗ್ರಾಂ. ಹಳೆಯ ಲೆಕ್ಕವನ್ನೇ ಇಲ್ಲಿ ಹಾಕಿ ನೋಡಿ. 6400 ಐಎಸ್ಒ, ಎಫ್ 11, ಮರದ ನೆರಳು: ಶಟರ್ ವೇಗ 800ನೇ ಒಂದು ಭಾಗ. ಹಿಂದೆ 16ನೇ ಒಂದು ಭಾಗವಿದ್ದ ಜಾಗದಲ್ಲಿ. ಆದರೆ ಸಂಜೆಯ ಕಬಿನಿಯಲ್ಲಿ ಬೆಳಕು ಬಿಸಿಲಿನ 256ನೇ ಒಂದು ಪಾಲಿಗೆ ಇಳಿದಾಗ ಅದೇ ಲೆನ್ಸಿಗೆ ಸಿಗುವುದು 50ನೇ ಒಂದು, ಹತ್ತು ಲಕ್ಷದ ಎಫ್ 4ಕ್ಕೆ ಸಿಗುವುದು 400ನೇ ಒಂದು. ಚಿರತೆ ಮರದಿಂದ ಇಳಿಯುವುದು ಹೆಚ್ಚಾಗಿ ಆ ಹೊತ್ತಿನಲ್ಲೇ. ಹತ್ತು ಲಕ್ಷ ಕೊಟ್ಟವರು ಕೊಂಡದ್ದು ಆ ಅರ್ಧ ಗಂಟೆಯನ್ನು.

ಹಾಗಾದರೆ ಯಾವುದು?

ಮೊದಲು ಕೇಳಿಕೊಳ್ಳಬೇಕಾದದ್ದು ಪ್ರಾಣಿ ಯಾವುದು, ಅದು ನಿಮ್ಮನ್ನು ಎಷ್ಟು ಹತ್ತಿರ ಬಿಡುತ್ತದೆ, ಯಾವ ಹೊತ್ತಿನಲ್ಲಿ ಎಂದು. ರಂಗನತಿಟ್ಟಿನ ದೋಣಿಯಿಂದ ಹೆಜ್ಜಾರ್ಲೆ ಹತ್ತಿರದಲ್ಲೇ ಸಿಗುತ್ತದೆ, 300 ಸಾಕು. ಗಿಂಡಿ ರಾಷ್ಟ್ರೀಯ ಉದ್ಯಾನದ ಅಂಚಿನ ಜಿಂಕೆಗಳಿಗೂ ಅಷ್ಟೇ. ಪಳ್ಳಿಕರಣೈ ಜೌಗಿನ ರಸ್ತೆ ಬದಿಯಿಂದ ರಾಜಹಂಸಗಳನ್ನು ನೋಡುವವರಿಗೆ 600 ಕೂಡ ಸಾಲದು. ಬೆಸೆಂಟ್ ನಗರದ ಉತ್ತರಕ್ಕೆ, ಊರೂರು ಕುಪ್ಪದ ಆಚೆ ಮುರಿದು ನಿಂತ ಸೇತುವೆಯ ಬಳಿ, ಅಡ್ಯಾರು ನದಿಯ ಅಳಿವೆಯಲ್ಲಿ ಚಳಿಗಾಲದ ಕಡಲಂಚಿನ ಹಕ್ಕಿಗಳಿಗೆ 400ರಿಂದ 600 ಬೇಕು. ಬೆಳಕು ಧಾರಾಳವಾಗಿರುವುದರಿಂದ ಎಫ್ 11 ಕೂಡ ನಡೆದೀತು. ಆದರೆ ಒಂಬತ್ತು ಗಂಟೆ ದಾಟಿದರೆ ಕಾದ ಮರಳಿನ ಮೇಲಿನ ಗಾಳಿ ಕುದಿಯತೊಡಗುತ್ತದೆ. ಆಮೇಲೆ ಒಂದು ಲಕ್ಷದ ಲೆನ್ಸೂ ಹತ್ತು ಲಕ್ಷದ ಲೆನ್ಸೂ ಒಂದೇ ರೀತಿ ಮಂಜು ಮಂಜು. ಬೇಗ ಏಳುವುದಕ್ಕೆ ಹಣ ಬೇಕಾಗಿಲ್ಲ.

ಎರಡನೆಯದು ನಡಿಗೆ. 15 ಮೀಟರಿನ ಮಿಂಚುಳ್ಳಿಯನ್ನು 10 ಮೀಟರಿಗೆ ಬರಲು ಬಿಟ್ಟರೆ 400 ಲೆನ್ಸ್ 600ರ ಕೆಲಸ ಮಾಡುತ್ತದೆ. ಬರಲು ಬಿಟ್ಟರೆ ಎಂಬುದು ಮುಖ್ಯ. ಅದು ಪದೇ ಪದೇ ಕೂರುವ ಕೊಂಬೆ ಯಾವುದೆಂದು ನಾಲ್ಕು ದಿನ ನೋಡಿ, ಐದನೆಯ ದಿನ ಅದು ಬರುವ ಮೊದಲೇ ಹೋಗಿ ಅಲುಗದೆ ಕೂರುವುದು. ಬೆನ್ನಟ್ಟಿ ಹೋದರೆ ಹಕ್ಕಿ ಹಾರುತ್ತದೆ, ಸೈಬೀರಿಯಾದಿಂದ ಬಂದು ಮೈ ತುಂಬಿಕೊಳ್ಳಬೇಕಾದ ಹಕ್ಕಿಗೆ ಒಂದೊಂದು ಹಾರಾಟವೂ ನಷ್ಟ.

ಮೂರನೆಯದು ಕೈ ಬದಲಾದ ಲೆನ್ಸುಗಳು. ಮಿರರ್‌ಲೆಸ್ಸಿಗೆ ಹೋದವರು ಹಳೆಯ ಎಸ್ಎಲ್ಆರ್ ಲೆನ್ಸುಗಳನ್ನು ಮಾರುತ್ತಿರುವ ಕಾಲವಿದು, ಅಡಾಪ್ಟರ್ ಹಾಕಿದರೆ ಬಹುಪಾಲು ಹೊಸ ಕ್ಯಾಮೆರಾಗಳಲ್ಲೂ ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಕರಾವಳಿಯಲ್ಲಿ ಒಂದು ಎಚ್ಚರ ಬೇಕು. ಚೆನ್ನೈ, ಮಂಗಳೂರು, ಕಾಸರಗೋಡಿನ ತೇವದ ಗಾಳಿಗೆ ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತದೆ. ಕೊಳ್ಳುವಾಗ ಎರಡೂ ಮುಚ್ಚಳ ತೆಗೆದು ಹಿಂದಿನಿಂದ ಟಾರ್ಚ್ ಹಾಕಿ ಓರೆಯಾಗಿ ನೋಡಬೇಕು. ಜೇಡರ ಬಲೆಯಂಥ ಎಳೆಗಳು ಕಂಡರೆ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ತಂದ ಮೇಲೆ ಬ್ಯಾಗಿನಲ್ಲಿಟ್ಟು ಬೀರುವಿಗೆ ಸೇರಿಸದೆ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಬೇಕು, ಜೆಲ್ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಬೇಕು. ಸಮುದ್ರದ ಉಪ್ಪು ಕೂತ ಹೊರಮೈಯನ್ನು ಅದೇ ದಿನ ಒದ್ದೆ ಬಟ್ಟೆಯಿಂದ ಒರೆಸಬೇಕು.

ಯಾವ ಲೆನ್ಸೂ ಬೇಡವಾದ ಜಾಗವೂ ಇದೇ ಊರಿನಲ್ಲಿದೆ. ಜನವರಿಯಿಂದ ಮಾರ್ಚ್‌ವರೆಗೆ ಆಲಿವ್ ರಿಡ್ಲೆ ಕಡಲಾಮೆಗಳು ರಾತ್ರಿ ಈ ದಂಡೆಗೆ ಬಂದು ಮೊಟ್ಟೆಯಿಡುತ್ತವೆ. 1988ರಲ್ಲಿ ಶುರುವಾದ ವಿದ್ಯಾರ್ಥಿಗಳ ಕಡಲಾಮೆ ಸಂರಕ್ಷಣಾ ಬಳಗದವರು ನೀಲಾಂಕರೈಯಿಂದ ಬೆಸೆಂಟ್ ನಗರದವರೆಗೆ ರಾತ್ರಿಯಿಡೀ ನಡೆದು ಮೊಟ್ಟೆಗಳನ್ನು ಕಾಪಾಡುತ್ತಾರೆ. ಬೆಳಕು ಕಂಡರೆ ತಾಯಿ ಆಮೆ ಮೊಟ್ಟೆಯಿಡದೆ ಮರಳಬಹುದು, ಮರಿಗಳು ದಿಕ್ಕು ತಪ್ಪಿ ಬೀದಿದೀಪದ ಕಡೆ ತೆವಳುತ್ತವೆ. ಅಲ್ಲಿ ಫ್ಲಾಶ್ ಸಲ್ಲದು. ಅಲ್ಲಿನ ಬೆಲೆಯನ್ನು ತೆರುವುದು ಪೂರ್ತಿಯಾಗಿ ಪ್ರಾಣಿ. ಅಂಥ ಕಡೆ ಬರಿಗಣ್ಣಿನಲ್ಲಿ ನೋಡಿ ಬರಬೇಕು.

ನನ್ನ ಲೆಕ್ಕ ಮುಗಿದದ್ದು ಹೀಗೆ. ನಾನು ನೋಡುವುದು ಅಳಿವೆಯ ಹಕ್ಕಿಗಳನ್ನು, ಬೆಳಗಿನ ಬಿಸಿಲಿನಲ್ಲಿ, ನಡೆದುಕೊಂಡು. ಕತ್ತಲ ಕಾಡಿನ ಅರ್ಧ ಗಂಟೆಗೆ ನಾನು ಹಣ ಕೊಡಬೇಕಾಗಿಲ್ಲ. ಎರಡು ಕಿಲೋ ಹೊತ್ತು ಮರಳಿನಲ್ಲಿ ನಡೆಯುವ ಕೈ ನನ್ನದಲ್ಲ. ಆದ್ದರಿಂದ ಕೈ ಬದಲಾದ 400 ಎಫ್ 5.6, ಸಾಧ್ಯವಾದರೆ ಒಣಹವೆಯ ಊರಿನಿಂದ ಬಂದದ್ದು. ಕೊಳ್ಳುವ ಮೊದಲು ಅದನ್ನೇ ಎರಡು ದಿನ ಬಾಡಿಗೆಗೆ ತಂದು ನೋಡುವುದು. ನಿಮ್ಮ ಪ್ರಾಣಿ, ನಿಮ್ಮ ಹೊತ್ತು, ನಿಮ್ಮ ಭುಜ ಬೇರೆಯಾದರೆ ಉತ್ತರವೂ ಬೇರೆಯಾಗುತ್ತದೆ. 400 ಸಾಲದ ದಿನ ಹಕ್ಕಿ ಚೌಕಟ್ಟಿನಲ್ಲಿ ಚಿಕ್ಕದಾಗಿ ಕೂರುತ್ತದೆ, ಸುತ್ತಲಿನ ನೀರು, ಕೆಸರು, ಕಾಂಡ್ಲ ಗಿಡಗಳೆಲ್ಲ ಅದರೊಂದಿಗೆ ಬರುತ್ತವೆ. ಕೃಷ್ಣನ್ನರ ಅನೇಕ ಚಿತ್ರಗಳಲ್ಲಿ ಆನೆ ಹೀಗೇ ತನ್ನ ಕಾಡಿನೊಳಗೆ ನಿಂತಿರುತ್ತದೆ. ನನಗೆ ಅದು ಸಾಕು.